ಸ್ಮೂತ್ನಿಂಗ್ ಬಿಟ್ಟು ಗುಂಗುರು ಕೂದಲಿಗೆ ಮರಳುವುದು: ಮಧ್ಯದಲ್ಲೇ ಮುರಿಯದಂತೆ ದಾಟುವ ಹಂತಗಳು

"ಸ್ಮೂತ್ನಿಂಗ್ ನಿಲ್ಲಿಸಿ ಆರು ತಿಂಗಳಾಯ್ತು. ಬುಡದಲ್ಲಿ ಗುಂಗುರು, ತುದಿಯಲ್ಲಿ ಪೊರಕೆ ಕಡ್ಡಿ. ಬಾಚಿದರೆ ಅರ್ಧಕ್ಕೇ ಮುರಿದು ಕೈಗೆ ಬರುತ್ತೆ. ಬೇಜಾರಾಗಿ ಮತ್ತೆ ಪಾರ್ಲರಿಗೆ ಹೋದೆ." ಪಾರ್ಲರಿನಲ್ಲಿ ಕೆಮಿಕಲ್ ಹಚ್ಚಿ ಗುಂಗುರು ಕೂದಲನ್ನು ನೇರ ಮಾಡಿಸುವುದೇ ಸ್ಮೂತ್ನಿಂಗ್. ಅದನ್ನು ಬಿಟ್ಟವರ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಮೊದಲನೇ ಸಲ ನನಗೂ ಹೀಗೇ ಆಯಿತು, ಏಳನೇ ತಿಂಗಳಿಗೆ ಕೈಬಿಟ್ಟೆ. ಎರಡನೇ ಸಲ 19 ತಿಂಗಳು ಹಿಡಿಯಿತು, ದಾಟಿದೆ. ಎರಡೂ ಸಲ ಎಣ್ಣೆ, ಶಾಂಪೂ ಹೆಚ್ಚುಕಡಿಮೆ ಅವೇ ಇದ್ದವು. ಬದಲಾಯಿಸಿದ್ದು ಕೆಲಸದ ಕ್ರಮವನ್ನು. ಜೊತೆಗೆ ಒಂದು ಜಾಗದ ಮೇಲೆ ಬಿಡದೆ ಕಣ್ಣಿಟ್ಟೆ.

ಹೊಸ ಗುಂಗುರು ಕೂದಲು ಹಳೇ ನೇರ ಕೂದಲಿಗೆ ಸೇರುವ ಗೆರೆಯೇ ಆ ಜಾಗ. ಇಲ್ಲಿ ಅದನ್ನು ಕೂಡುಗೆರೆ ಅಂತ ಕರೆಯೋಣ. ಕೂದಲು ಮುರಿಯುವುದು ಬಹುಪಾಲು ಅಲ್ಲೇ. ಕೆಳಗಿನ ಹಂತಗಳೆಲ್ಲ ಆ ಗೆರೆಯನ್ನು ಕಾಪಾಡುವುದಕ್ಕೆ.

ಹಂತ 1: ನಿಮ್ಮ ಕೂದಲಿಗೆ ಏನು ಮಾಡಿದ್ದಾರೆ ಅಂತ ತಿಳಿದುಕೊಳ್ಳಿ

ಪಾರ್ಲರಿನ ಬೋರ್ಡಿನ ಮೇಲೆ ಹತ್ತು ಹೆಸರು ಇರುತ್ತವೆ. ಅದನ್ನು ನಂಬಬೇಡಿ, ಅಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಮೊದಲು ಗಬ್ಬು ವಾಸನೆಯ ಒಂದು ಕ್ರೀಮ್ ಹಚ್ಚಿ, ತೊಳೆದು, ಐರನ್ ಮಾಡಿ, ಆಮೇಲೆ ಎರಡನೇ ಕ್ರೀಮ್ ಹಚ್ಚಿದರಾ? ಹಾಗಾದರೆ ಅದು ಸ್ಟ್ರೈಟನಿಂಗ್, ರೀಬಾಂಡಿಂಗ್ ಅಥವಾ ಸ್ಮೂತ್ನಿಂಗ್. ಕೂದಲಿಗೆ ಆಕಾರ ಕೊಡುವುದು ಅದರೊಳಗಿನ ಗಂಧಕದ ಕೊಂಡಿಗಳು. ಮೊದಲನೇ ಕ್ರೀಮಿನಲ್ಲಿರುವ ಅಮೋನಿಯಂ ಥಯೋಗ್ಲೈಕೋಲೇಟ್ ಥರದ ರಾಸಾಯನಿಕ ಆ ಕೊಂಡಿಗಳನ್ನು ಬಿಡಿಸುತ್ತದೆ. ಎರಡನೆಯದರಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ನೇರವಾದ ಭಂಗಿಯಲ್ಲೇ ಮತ್ತೆ ಬಿಗಿಯುತ್ತದೆ. ಇದು ಶಾಶ್ವತ. ಯಾವ ಎಣ್ಣೆಗೂ, ಯಾವ ಮಾಸ್ಕಿಗೂ ಆ ಕೂದಲು ಮತ್ತೆ ಗುಂಗುರಾಗುವುದಿಲ್ಲ.

ಒಂದೇ ದ್ರವ ಹಚ್ಚಿ, ಒಣಗಿಸಿ, ಐರನ್ ಮಾಡಿ, "ಎರಡು ಮೂರು ದಿನ ತಲೆಗೆ ನೀರು ಹಾಕಬೇಡಿ" ಅಂದರಾ? ಅದು ಕೆರಟಿನ್ ಅಥವಾ ಅದರ ದಾಯಾದಿ. ಇದರಲ್ಲಿ ಹೆಚ್ಚಿನ ಭಾಗ ಮೇಲಿನ ಲೇಪ. ತೊಳೆಯುತ್ತಾ ಹೋದರೆ ಮೂರರಿಂದ ಆರು ತಿಂಗಳಲ್ಲಿ ಬಿಡುತ್ತದೆ. ಆದರೆ ಐರನ್ನಿನ ಬಿಸಿಗೆ ಸುಟ್ಟ ಭಾಗ ಮಾತ್ರ ತಿರುಗಿ ಬರುವುದಿಲ್ಲ.

ಇನ್ನೂ ಅನುಮಾನ ಇದ್ದರೆ ತಲೆಸ್ನಾನ ಆದ ಕೂಡಲೇ, ಏನೂ ಹಚ್ಚದೆ, ಒಂದು ಸಣ್ಣ ಗೊಂಚಲನ್ನು ಕನ್ನಡಿಯಲ್ಲಿ ನೋಡಿ. ಬುಡ ಸುರುಳಿ ಸುತ್ತಿ, ಕೆಳಗಿನದು ದಾರದ ಹಾಗೆ ಇಳಿಬಿದ್ದಿದ್ದರೆ ಕೊಂಡಿಗಳೇ ಬದಲಾಗಿರುವ ಸಾಧ್ಯತೆ ಹೆಚ್ಚು.

ಹೊರದೇಶದಲ್ಲಿ ಇರುವವರಿಗೆ ಒಂದು ಮಾತು. ಅಮೆರಿಕದ ಕಪ್ಪು ಮಹಿಳೆಯರು ಕೂದಲು ನೇರ ಮಾಡಲು ಬಳಸುತ್ತಾ ಬಂದಿರುವ ರಿಲ್ಯಾಕ್ಸರ್ ಕ್ರೀಮ್‌ಗಳಲ್ಲಿ ಹಲವು ಸೋಡಿಯಂ ಹೈಡ್ರಾಕ್ಸೈಡ್‌ನವು. ನಮ್ಮಲ್ಲಿನ ಥಯೋಗ್ಲೈಕೋಲೇಟ್ ಕ್ರೀಮಿಗೂ ಅದಕ್ಕೂ ಆಗಿ ಬರುವುದಿಲ್ಲ. ಒಂದು ಮಾಡಿಸಿದ ಕೂದಲಿನ ಮೇಲೆ ಇನ್ನೊಂದು ಬಿದ್ದರೆ ಕೂದಲು ಕರಗಿದ ಹಾಗೆ ಕಿತ್ತು ಬರುತ್ತದೆ. ಅಂದ ಹಾಗೆ, ಮುಂದೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವನ್ನು ಪಳಗಿಸಿದವರು ಆ ಮಹಿಳೆಯರೇ.

ಹಂತ 2: ಸ್ಕೇಲ್ ಹಿಡಿದು ಲೆಕ್ಕ ಹಾಕಿ, ಆಮೇಲೆ ದಾರಿ ಆರಿಸಿ

ತಲೆಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ನಿಮಗೆ ಕನಿಷ್ಠ 20 ಸೆಂಟಿಮೀಟರ್ ಸಹಜ ಕೂದಲು ಬೇಕು ಅಂದರೆ 16ರಿಂದ 20 ತಿಂಗಳು ಬೇಕು. ಇದರಲ್ಲೂ ಗುಂಗುರು ಕುಗ್ಗುತ್ತದೆ. ಎಳೆದರೆ 20 ಇರುವುದು ಬಿಟ್ಟರೆ 12, 13 ಕಾಣಬಹುದು. ಈ ಲೆಕ್ಕ ಮೊದಲೇ ಗೊತ್ತಿರದಿದ್ದರೆ ಎಂಟನೇ ತಿಂಗಳಿಗೆ "ಬೆಳೆದೇ ಇಲ್ಲ" ಅನಿಸುತ್ತದೆ. ಬಹಳ ಜನ ಸೋಲುವುದು ಅಲ್ಲೇ. ಹಾಗಾಗಿ ನೆತ್ತಿಯ ಒಂದು ಎಳೆಯನ್ನು ಎಳೆದು ಹಿಡಿದು, ಬುಡದಿಂದ ಕೂಡುಗೆರೆವರೆಗೆ ಅಳೆದು ಬರೆದಿಡಿ. ಎರಡು ತಿಂಗಳಿಗೊಮ್ಮೆ ಅಳೆಯಿರಿ.

ದಾರಿ ಎರಡೇ. ಒಂದು, ನೇರ ಕೂದಲನ್ನೆಲ್ಲ ಒಂದೇ ಸಲಕ್ಕೆ ಕತ್ತರಿಸುವುದು. ಇನ್ನೊಂದು, ಬೆಳೆಯಲು ಬಿಟ್ಟು ತುದಿಯನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಹೋಗುವುದು. ಕೂದಲಿಗೆ ಸುಲಭವಾದದ್ದು ಮೊದಲನೆಯದೇ, ಕೂಡುಗೆರೆಯ ಕಾಟವೇ ಇರುವುದಿಲ್ಲ. ತಿರುಪತಿಗೋ ಧರ್ಮಸ್ಥಳಕ್ಕೋ ಹರಕೆ ಹೊತ್ತು ಮುಡಿ ಕೊಟ್ಟು ಬಂದ ಮೇಲೆ, "ಇನ್ನು ಕೆಮಿಕಲ್ ಮುಟ್ಟಲ್ಲ" ಅಂತ ಅಲ್ಲಿಂದಲೇ ಶುರು ಮಾಡಿದವರೂ ಇದ್ದಾರೆ. ಆದರೆ ಮನೆಯಲ್ಲಿ ಮದುವೆ ಇದೆ, ಆಫೀಸಿನಲ್ಲಿ ಎಲ್ಲರೂ ಕೇಳುತ್ತಾರೆ, ಅಥವಾ ಗಿಡ್ಡ ಕೂದಲು ನಿಮಗೇ ಇಷ್ಟವಿಲ್ಲ ಅಂದರೆ ಎರಡನೇ ದಾರಿ ಹಿಡಿಯಿರಿ. ಸಿಟ್ಟಿನಲ್ಲಿ ರಾತ್ರಿ ಕತ್ತರಿ ಎತ್ತಬೇಡಿ. ಎರಡು ವಾರ ಬಿಟ್ಟು ನೋಡಿ, ಆಗಲೂ ಬೇಕೆನಿಸಿದರೆ ಕತ್ತರಿಸಿ.

ಮುಂದಿನದೆಲ್ಲ ಎರಡನೇ ದಾರಿಯವರಿಗೆ.

ಹಂತ 3: ಸಾಮಾನು ಹೊಂದಿಸಿಕೊಳ್ಳಿ

ದುಬಾರಿಯದು ಯಾವುದೂ ಬೇಡ. ಅಗಲ ಹಲ್ಲಿನ ಬಾಚಣಿಗೆ ಒಂದು. ಹಲ್ಲುಗಳ ಮಧ್ಯೆ ಕಿರುಬೆರಳು ಸಲೀಸಾಗಿ ಹೋಗಬೇಕು. ಪ್ಲಾಸ್ಟಿಕ್ ಆದರೆ ಅಚ್ಚಿನ ಗೆರೆ ಒರಟಾಗಿ ಉಳಿದಿದೆಯಾ ಅಂತ ಉಗುರಿನಿಂದ ಸವರಿ ನೋಡಿ. ಒರಟಿದ್ದರೆ ಕೂಡುಗೆರೆಯನ್ನು ಅದೇ ಕೊಯ್ಯುತ್ತದೆ. ದೊಡ್ಡ ಕ್ಲಿಪ್ ಆರು. ಸಿಲಿಕೋನ್ ಇರಲಿ ಇಲ್ಲದಿರಲಿ, ಚೆನ್ನಾಗಿ ಜಾರುವ ಕಂಡೀಶನರ್. ಮೃದುವಾದ ಶಾಂಪೂ. ತೆಂಗಿನೆಣ್ಣೆ. ಸ್ಯಾಟಿನ್ ದಿಂಬಿನ ಕವರ್ ಒಂದು, ಇಲ್ಲವೇ ಹಳೇ ರೇಷ್ಮೆ ಸೀರೆಯ ತುಂಡು. ಒರೆಸಿಕೊಳ್ಳಲು ಟವೆಲ್ ಬೇಡ, ಹಳೇ ಪಂಚೆ ತೆಗೆದುಕೊಳ್ಳಿ. ಕರಾವಳಿಯ ಕಡೆಯ ಬೈರಾಸಾದರೂ ಆದೀತು. ಟವೆಲ್ಲಿನ ಕುಚ್ಚುಕುಚ್ಚು ದಾರಗಳಿಗೆ ಗುಂಗುರು ಸಿಕ್ಕಿಕೊಳ್ಳುತ್ತದೆ.

ಸಣ್ಣ ಹಲ್ಲಿನ ಬಾಚಣಿಗೆ, ರಬ್ಬರ್ ಬ್ಯಾಂಡ್ ಮತ್ತು ಐರನ್ನನ್ನು ಕಣ್ಣಿಗೆ ಬೀಳದ ಕಡೆ ಇಡಿ. ಐರನ್ ಕೈಗೆಟಕುವಂತೆ ಇದ್ದರೆ ಮುಂಗೂದಲಿಗೆ "ಇವತ್ತೊಂದು ದಿನ" ಅಂತ ಎತ್ತಿಕೊಳ್ಳುತ್ತೀರಿ. ಹೊಸ ಗುಂಗುರು ಬಿಸಿಗೆ ಸುಟ್ಟರೆ ಅದೂ ಮರಳುವುದಿಲ್ಲ, ಅಲ್ಲಿಗೆ ಆ ತಿಂಗಳುಗಳೆಲ್ಲ ಹೋದಂತೆ.

ಹಂತ 4: ತಲೆಸ್ನಾನದ ಕ್ರಮ

ಮೊದಲು ನೀರು. ಬಕೆಟ್ಟಿನ ಅಂಚಿನಲ್ಲಿ, ನಲ್ಲಿಯ ಬಾಯಲ್ಲಿ ಬಿಳೀ ಪದರ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಗಡಸು ನೀರು. ಬೆಂಗಳೂರಿನಲ್ಲಿ ಕಾವೇರಿ ನೀರು ಬರದ ಬಡಾವಣೆಗಳಲ್ಲಿ ಬೋರ್‌ವೆಲ್, ಟ್ಯಾಂಕರ್ ನೀರೇ ಗತಿ ಅಲ್ವಾ? ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿಗೆ ಅಂಟಿ ಒರಟು ಮಾಡುತ್ತವೆ. ಕೆಮಿಕಲ್ ತಾಗಿದ ಕೂದಲು ಇದನ್ನು ಇನ್ನೂ ಬೇಗ ಹೀರುತ್ತದೆ. ಇಂಥ ನೀರಿರುವವರು ತಿಂಗಳಿಗೊಮ್ಮೆ ಕೀಲೇಟಿಂಗ್ ಶಾಂಪೂ, ಅಂದರೆ ಅಂಟಿದ ಈ ಖನಿಜಗಳನ್ನು ತೆಗೆಯುವ ಶಾಂಪೂ ಬಳಸಿ. ಕೊನೆಯ ಎರಡು ಚೊಂಬು ನೀರನ್ನಾದರೂ ಕಾವೇರಿಯದೋ, ಮಳೆಯದೋ, ಫಿಲ್ಟರಿನದೋ ಹಾಕಿ.

ವಾರಕ್ಕೆ ಒಂದೋ ಎರಡೋ ಸಲ ಸಾಕು. ಮಂಗಳೂರು, ಉಡುಪಿಯ ಬೆವರಿಗೆ ಮೂರು ಸಲ ಆದರೂ ತೊಂದರೆಯಿಲ್ಲ. ಕ್ರಮ ಹೀಗಿರಲಿ.

1. ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ತೆಂಗಿನೆಣ್ಣೆ ಹಚ್ಚಿ, ಅದರಲ್ಲೂ ಕೂಡುಗೆರೆಯಿಂದ ಕೆಳಕ್ಕೆ. ತೆಂಗಿನೆಣ್ಣೆ ಕೂದಲಿನ ಒಳಗೆ ಇಳಿಯುತ್ತದೆ. ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ. ಹೊಟ್ಟು ಇದ್ದವರು ನೆತ್ತಿಗೆ ಎಣ್ಣೆ ತುಂಬಿಸಿ ರಾತ್ರಿಯಿಡೀ ಬಿಡಬೇಡಿ, ಹೊಟ್ಟಿನ ಶಿಲೀಂಧ್ರಕ್ಕೆ ಅದೇ ಊಟ.

2. ಕೂದಲನ್ನು ನಾಲ್ಕು ಭಾಗ ಮಾಡಿ, ಸಡಿಲವಾಗಿ ತಿರುಚಿ, ಕ್ಲಿಪ್ ಹಾಕಿ. ಒಂದೊಂದೇ ಬಿಚ್ಚಿ ತೊಳೆಯಿರಿ. ಕೂದಲನ್ನೆಲ್ಲ ನೆತ್ತಿಗೆ ಗುಡ್ಡೆ ಹಾಕಿ ಉಜ್ಜಿದರೆ ಆ ಗಂಟು ಬಿಡಿಸಲು ಗಂಟೆ ಬೇಕು.

3. ಶಾಂಪೂ ಬುಡಕ್ಕೆ ಮಾತ್ರ, ಬೆರಳ ತುದಿಯಿಂದ. ತುದಿಗೆ ಇಳಿದು ಬರುವ ನೊರೆಯೇ ಸಾಕು.

4. ಕಂಡೀಶನರ್ ಧಾರಾಳವಾಗಿ. ಮುಟ್ಟಿದರೆ ಪಾಚಿ ಹಾಗೆ ಜಾರಬೇಕು. ಸಿಕ್ಕು ಬಿಡಿಸುವುದು ಈಗ, ಈ ಹಂತದಲ್ಲಿ ಮಾತ್ರ.

ಸೀಗೆಪುಡಿ ಬಳಸುವವರು ಪುಡಿಯನ್ನು ನೇರವಾಗಿ ಉಜ್ಜಬೇಡಿ. ಅದರ ಕಣ ಗುಂಗುರಿನೊಳಗೆ ಕೂತು, ಹೊರತೆಗೆಯಲು ಹೋದಾಗ ಕೂದಲು ಮುರಿಯುತ್ತದೆ. ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರು ಬಳಸಿ. ಮಲೆನಾಡು, ಕರಾವಳಿಯ ಕಡೆ ದಾಸವಾಳದ ಎಲೆ ಕಿವುಚಿ ಗೊಂಪು (ಲೋಳೆ) ತೆಗೆಯುತ್ತಾರಲ್ಲ, ಅದು ಇಲ್ಲಿಗೆ ಹೇಳಿ ಮಾಡಿಸಿದ್ದು. ಅದನ್ನೂ ಸೋಸಲೇಬೇಕು.

ಹಂತ 5: ಸಿಕ್ಕು ಬಿಡಿಸುವುದು

ಅವಸರ ಮಾಡಬಾರದ ಹಂತ ಇದು. ನನ್ನ ಮೊದಲನೇ ಪ್ರಯತ್ನ ಕೆಟ್ಟದ್ದು ಇಲ್ಲೇ. ಒಣ ಕೂದಲನ್ನು, ಬೆಳಗ್ಗೆ ಬಸ್ಸಿಗೆ ಹೊತ್ತಾಗಿದೆ ಅಂತ, ನೆತ್ತಿಯಿಂದ ಕೆಳಕ್ಕೆ ಸರ್ರನೆ ಎಳೆಯುತ್ತಿದ್ದೆ. ನೇರ ಕೂದಲಿಗೆ ಹತ್ತು ವರ್ಷ ಮಾಡಿದ ಅಭ್ಯಾಸ. ಹಾಗೆ ಎಳೆದಾಗ ಬಾಚಣಿಗೆ ಗುಂಗುರನ್ನು ಹಿಗ್ಗಿಸಿಕೊಂಡು ಬಂದು, ಕೂಡುಗೆರೆಯಲ್ಲಿ ಒಮ್ಮೆ ತಡೆಯುತ್ತದೆ. ಆ ಕ್ಷಣದಲ್ಲಿ ಸಣ್ಣಗೆ 'ಟಿಕ್' ಅನ್ನುವ ಸದ್ದು. ಆ ಸದ್ದು ಕೇಳಿದರೆ ಕೈ ನಿಲ್ಲಿಸಿ. ಅದು ಮುರಿದ ಕೂದಲು.

ಹೀಗೆ ಮಾಡಿ. ಕಂಡೀಶನರ್ ಹಚ್ಚಿದ ಒಂದು ಭಾಗವನ್ನು ಮಾತ್ರ ಬಿಚ್ಚಿ. ಎಡಗೈಯಿಂದ ಕೂಡುಗೆರೆಗೆ ಒಂದು ಇಂಚು ಕೆಳಗೆ ಗಟ್ಟಿಯಾಗಿ ಹಿಡಿಯಿರಿ, ಎಳೆತ ಅದರಿಂದ ಮೇಲಕ್ಕೆ ಹೋಗಬಾರದು. ಬಲಗೈ ಬೆರಳುಗಳಿಂದ ಮೊದಲು ತುದಿಯ ಗಂಟು ಬಿಡಿಸಿ. ಬೆರಳು ಸಲೀಸಾಗಿ ಹೋದ ಮೇಲೆ ಬಾಚಣಿಗೆ, ಅದೂ ತುದಿಯ ನಾಲ್ಕು ಬೆರಳಷ್ಟಕ್ಕೆ ಮಾತ್ರ. ಆಮೇಲೆ ಹಿಡಿತವನ್ನು ಮೇಲಕ್ಕೆ ಸರಿಸಿ, ಇನ್ನು ನಾಲ್ಕು ಬೆರಳು. ಕೂಡುಗೆರೆಗೆ ಬಂದಾಗ ಬಾಚಣಿಗೆ ಕೆಳಗಿಟ್ಟು ಬೆರಳಿನಿಂದಲೇ ದಾಟಿಸಿ. ಕೊನೆಗೆ ಬುಡ. ಗಂಟು ಹಟ ಮಾಡಿದರೆ ಎಳೆಯಬೇಡಿ, ಇನ್ನಷ್ಟು ಕಂಡೀಶನರ್ ಮತ್ತು ನೀರು ಹಾಕಿ ಗಂಟನ್ನು ಅಗಲಕ್ಕೆ ಬಿಡಿಸಿ, ಒಳಗಿನ ಒಂದೊಂದೇ ಎಳೆ ಹೊರಗೆ ಬರುತ್ತದೆ. ಬಿಡಿಸಿದ ಭಾಗವನ್ನು ತಿರುಚಿ ಕ್ಲಿಪ್ ಹಾಕಿ ಮುಂದಿನದಕ್ಕೆ ಹೋಗಿ.

ಮೊದಲ ಸಲ 40 ನಿಮಿಷ ಹಿಡಿದರೆ ಗಾಬರಿ ಬೇಡ. ಕೈ ಪಳಗಿದ ಮೇಲೆ 15 ನಿಮಿಷಕ್ಕೆ ಇಳಿಯುತ್ತದೆ. ವಾರಪೂರ್ತಿ ಉದುರಬೇಕಾದ ಕೂದಲು ಒಂದೇ ದಿನ ಕೈಗೆ ಬರುವುದರಿಂದ ಉಂಡೆಯೂ ದೊಡ್ಡದಾಗಿ ಕಾಣುತ್ತದೆ. ಅದನ್ನು ನೋಡಿ ಹೆದರುವ ಮೊದಲು ಒಂದೊಂದು ಎಳೆ ತೆಗೆದು ನೋಡಿ. ಒಂದು ತುದಿಯಲ್ಲಿ ಬಿಳೀ ಚುಕ್ಕೆಯಂಥ ಗಡ್ಡೆ ಇದ್ದರೆ ಅದು ತಾನಾಗಿ ಉದುರಿದ್ದು. ದಿನಕ್ಕೆ 50ರಿಂದ 100 ಹೀಗೆ ಉದುರುವುದು ಎಲ್ಲರಿಗೂ ಇದ್ದದ್ದೇ. ಗಡ್ಡೆ ಇಲ್ಲದ ತುಂಡುಗಳೇ ಜಾಸ್ತಿ ಇದ್ದರೆ ಅದು ಮುರಿತ, ಆಗ ನಿಮ್ಮ ಕೈಯ ಕೆಲಸ ಬದಲಾಗಬೇಕು.

ಹಂತ 6: ಎರಡು ಥರದ ಕೂದಲನ್ನು ಒಂದೇ ಥರ ಕಾಣಿಸುವುದು

ಬುಡವನ್ನು ನೇರ ಮಾಡಲು ಹೋಗಬೇಡಿ. ತುದಿಯನ್ನು ಗುಂಗುರು ಮಾಡಿ, ಅದೂ ಬಿಸಿ ಇಲ್ಲದೆ. ತಲೆಸ್ನಾನದ ರಾತ್ರಿ, ಕೂದಲು ಮುಕ್ಕಾಲು ಒಣಗಿದಾಗ, ಎಂಟು ಹತ್ತು ಸಣ್ಣ ಜಡೆ ಹೆಣೆಯಿರಿ ಅಥವಾ ಎರಡೆರಡು ಎಳೆ ಸೇರಿಸಿ ಹುರಿ ಹೊಸೆಯಿರಿ. ಬುಡದಲ್ಲಿ ಸಡಿಲ, ಕೂಡುಗೆರೆಯಿಂದ ಕೆಳಗೆ ಸ್ವಲ್ಪ ಬಿಗಿ. ತುದಿ ನೇರವಾಗಿ ಉಳಿದರೆ ಕಾಗದದ ಸುರುಳಿಗೆ ಸುತ್ತಿ. ಪೂರ್ತಿ ಒಣಗಿದ ಮೇಲೇ ಬಿಚ್ಚಬೇಕು. ಅರ್ಧ ಒಣಗಿದ್ದಾಗ ಬಿಚ್ಚಿದರೆ ಮಧ್ಯಾಹ್ನದೊಳಗೆ ತುದಿ ಮತ್ತೆ ಕಡ್ಡಿ.

ಹಿಡಿದು ನಿಲ್ಲಿಸಲು ಅಗಸೆ ಬೀಜದ ಜೆಲ್ ಸಾಕು. ಕಾಲು ಕಪ್ ಅಗಸೆಗೆ ಎರಡು ಕಪ್ ನೀರು ಹಾಕಿ, ಕೈಯಾಡಿಸುತ್ತಾ ಕುದಿಸಿ. ಎಂಟು ಹತ್ತು ನಿಮಿಷಕ್ಕೆ ಸೌಟು ಎತ್ತಿದರೆ ಮೊಟ್ಟೆಯ ಬಿಳಿಯ ಹಾಗೆ ದಾರ ಇಳಿಯುತ್ತದೆ. ಆಗಲೇ ಒಲೆ ಆರಿಸಿ, ಬಿಸಿ ಇರುವಾಗಲೇ ಸೋಸಿ. ತಣಿದ ಮೇಲೆ ಅದು ಬೀಜ ಬಿಟ್ಟು ಬರುವುದಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ವಾಸನೆ ಬದಲಾದರೆ ಚೆಲ್ಲಿ.

ಮಲ್ಲಿಗೆ ಮುಡಿಯುವ ಹೇರ್‌ಪಿನ್ನನ್ನು ಕೂಡುಗೆರೆಯ ಮೇಲೇ ಚುಚ್ಚಬೇಡಿ, ತುರುಬಿನ ಕೆಳಗೆ ಸಿಕ್ಕಿಸಿ. ಭಾರದ ಚೌರಿ ಕಟ್ಟಿ ಜಡೆ ಇಳಿಬಿಡುವುದು ಈ ಒಂದೆರಡು ವರ್ಷ ಬೇಡವೇ ಬೇಡ. ನಿಮ್ಮದೇ ಮದುವೆಯಾದರೆ ಬ್ಯೂಟೀಷಿಯನ್‌ಗೆ ತಿಂಗಳ ಮೊದಲೇ ಹೇಳಿ: ಐರನ್ ಇಲ್ಲ, ಬುಡದಲ್ಲಿ ಬ್ಯಾಕ್‌ಕೋಂಬಿಂಗ್ (ಉಲ್ಟಾ ಬಾಚಿ ಉಬ್ಬಿಸುವುದು) ಇಲ್ಲ. ಮುಹೂರ್ತದ ದಿನ ಬೆಳಗ್ಗೆ ನಾಲ್ಕು ಗಂಟೆಗೆ ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ.

ಹಂತ 7: ಬೆಳೆದಷ್ಟೇ ಕತ್ತರಿಸುತ್ತಾ ಹೋಗಿ

ಎಂಟು ಹತ್ತು ವಾರಕ್ಕೊಮ್ಮೆ ಸುಮಾರು 2 ಸೆಂಟಿಮೀಟರ್ ತೆಗೆಸಿ. ಅಷ್ಟರಲ್ಲಿ ಬುಡದಲ್ಲೂ ಹೆಚ್ಚುಕಡಿಮೆ ಅಷ್ಟೇ ಬೆಳೆದಿರುತ್ತದೆ. ನೋಡುವವರಿಗೆ ಉದ್ದ ಹಾಗೇ ಕಾಣುತ್ತದೆ, ಒಳಗೆ ಮಾತ್ರ ನೇರ ಕೂದಲು ಕಡಿಮೆಯಾಗುತ್ತಾ ಬರುತ್ತದೆ. "ಉದ್ದ ಉಳಿಸಿಕೊಳ್ಳೋಣ" ಅಂತ ಒಂದು ವರ್ಷ ಕತ್ತರಿ ಮುಟ್ಟದವರ ಕೂದಲು ತುದಿಯಲ್ಲಿ ಸೀಳಿ, ಸೀಳು ಮೇಲೇರಿ, ಕೊನೆಗೆ ಎರಡರಷ್ಟು ಕತ್ತರಿಸಬೇಕಾಗುತ್ತದೆ.

ಪಾರ್ಲರಿನಲ್ಲಿ ಕೂತ ಕೂಡಲೇ ಮೂರು ಮಾತು ಹೇಳಿಬಿಡಿ. ತೆಳು ಮಾಡುವ ಹಲ್ಲಿನ ಕತ್ತರಿ ಬೇಡ, ರೇಜರ್ ಬೇಡ, ಬ್ಲೋಡ್ರೈ ಬೇಡ. ಟಚಪ್, ಅಂದರೆ ಬುಡಕ್ಕೆ ಮತ್ತೆ ಸ್ಮೂತ್ನಿಂಗ್ ಮಾಡಿಸಿ ಅಂತ ಒತ್ತಾಯ ಬಂದೇ ಬರುತ್ತದೆ. "ಬೆಳೆಸ್ತಾ ಇದ್ದೀನಿ" ಅಂತ ಒಂದೇ ಉತ್ತರ ಕೊಟ್ಟು ಸುಮ್ಮನಿರಿ.

ನಾಲ್ಕರಿಂದ ಎಂಟನೇ ತಿಂಗಳು: ಹೆಚ್ಚು ಜನ ಎಡವುವ ಕಡೆ

ಮೊದಲ ಮೂರು ತಿಂಗಳು ಬುಡದ ಕೂದಲು ಗಿಡ್ಡ, ಸಿಕ್ಕಾಗುವುದಿಲ್ಲ. ಆಮೇಲೆ ಗುಂಗುರು ಸುತ್ತಿಕೊಳ್ಳುವಷ್ಟು ಉದ್ದವಾಗುತ್ತದೆ, ಕಷ್ಟ ಶುರುವಾಗುತ್ತದೆ. ಈ ಹೊತ್ತಿನಲ್ಲಿ ಜನ ಮಾಡುವ ತಪ್ಪುಗಳು ಇವು.

ಪ್ರತಿದಿನ ತಲೆ ಒದ್ದೆ ಮಾಡುವುದು. ಕೆಮಿಕಲ್ ತಾಗಿದ ಭಾಗ ಪದೇ ಪದೇ ಊದಿ ಒಣಗಿ ಸಡಿಲವಾಗುತ್ತದೆ. ಬೆಳಗ್ಗೆ ಕೆದರಿದ್ದರೆ ಸ್ಪ್ರೇ ಬಾಟಲಿಯಿಂದ ಮೇಲ್ಮೇಲೆ ಎರಡು ಸಲ ಚಿಮುಕಿಸಿ, ಅಷ್ಟೇ.

ಮೆಹಂದಿಯಿಂದ ಸರಿಯಾದೀತು ಅಂತ ಗಟ್ಟಿಯಾಗಿ ಮೆತ್ತುವುದು. ಅದು ಕೂದಲನ್ನು ಒಣಗಿಸುತ್ತದೆ, ತೊಳೆಯುವಾಗ ಸಿಕ್ಕು. ಪೊಟ್ಟಣದ 'ಕಪ್ಪು ಮೆಹಂದಿ'ಯಲ್ಲಿ ಹಲವು ಕಡೆ ಪಿಪಿಡಿ ಎಂಬ ಬಣ್ಣದ ರಾಸಾಯನಿಕ ಇರುತ್ತದೆ, ಅಲರ್ಜಿ ತರಬಲ್ಲದು. ಬಿಳಿಕೂದಲಿಗೆ ಡೈ ಬೇಕೇ ಬೇಕು ಅನ್ನುವವರು ಬುಡಕ್ಕೆ ಮಾತ್ರ ಹಚ್ಚಿ. ಬ್ಲೀಚ್ ಎಲ್ಲಿಗೂ ಬೇಡ.

ಬೇಗ ಬೆಳೆಯಲಿ ಅಂತ ಬಯೋಟಿನ್ ಮಾತ್ರೆ ನುಂಗುವುದು. ಕೊರತೆ ಇಲ್ಲದವರಿಗೆ ಇದರಿಂದ ಲಾಭ ಕಂಡಿಲ್ಲ. ಥೈರಾಯ್ಡ್ ಸೇರಿ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ಅದು ತಪ್ಪಿಸಬಹುದು. ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಮೊದಲು ಡಾಕ್ಟರಿಗೆ ಹೇಳಿ.

ಈ ಲಕ್ಷಣ ಕಂಡರೆ ನಿಲ್ಲಿಸಿ

ಒದ್ದೆ ಕೂದಲಿನ ಒಂದು ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗಿದರೆ ಸರಿಯಿದೆ. ನೆನೆದ ಶಾವಿಗೆಯ ಹಾಗೆ ಹಿಗ್ಗುತ್ತಲೇ ಹೋಗಿ ತುಂಡಾದರೆ ಪ್ರೋಟೀನ್ ಇರುವ ಮಾಸ್ಕ್ ಬೇಕು, ಮೂರ್ನಾಲ್ಕು ವಾರಕ್ಕೊಮ್ಮೆ. ಹಿಗ್ಗದೆಯೇ ಪಟ್ಟನೆ ಮುರಿದರೆ ಪ್ರೋಟೀನ್ ನಿಲ್ಲಿಸಿ, ಕಂಡೀಶನರ್ ಜಾಸ್ತಿ ಮಾಡಿ.

ಹಣೆಯ ಎರಡು ಪಕ್ಕ ತೆಳುವಾಗುತ್ತಾ ಬಂದರೆ ಜಡೆ ಬಿಗಿಯಾಗುತ್ತಿದೆ. ಇವತ್ತೇ ಸಡಿಲ ಮಾಡಿ. ಬಹಳ ಕಾಲ ಎಳೆದರೆ ಅಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು.

ಡೆಂಗ್ಯೂ, ಟೈಫಾಯ್ಡ್, ಹೆರಿಗೆ ಆಗಿ ಎರಡು ಮೂರು ತಿಂಗಳಿಗೆ ಕೂದಲು ಬುಡಸಮೇತ ರಾಶಿ ಉದುರಬಹುದು. ಅದಕ್ಕೂ ಈ ಬದಲಾವಣೆಗೂ ಸಂಬಂಧವಿಲ್ಲ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಆದರೆ ನಾಣ್ಯದಗಲ ಬೋಳು, ಅಗಲವಾಗುತ್ತಿರುವ ಬೈತಲೆ, ನೆತ್ತಿಯಲ್ಲಿ ಹುಣ್ಣು, ಕೀವು, ಆರು ತಿಂಗಳಾದರೂ ನಿಲ್ಲದ ಉದುರುವಿಕೆ, ಇವುಗಳಲ್ಲಿ ಒಂದಿದ್ದರೂ ಚರ್ಮರೋಗ ತಜ್ಞರ ಹತ್ತಿರ ಹೋಗಿ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಹಂತ 8: ಕೊನೆಯ ಕಟಿಂಗ್

ಸಹಜ ಕೂದಲು ನೀವು ಬಯಸಿದ ಉದ್ದಕ್ಕೆ ಬಂದಾಗ, ಅಥವಾ ನೇರ ಭಾಗ ನಾಲ್ಕೈದು ಸೆಂಟಿಮೀಟರ್ ಉಳಿದಾಗ, ಅದನ್ನು ತೆಗೆಯುವ ಹೊತ್ತು. ಕೂದಲು ಒದ್ದೆ ಇರುವಾಗ ಕೂಡುಗೆರೆ ಎಲ್ಲಿದೆ ಅಂತ ಚೆನ್ನಾಗಿ ಕಾಣುತ್ತದೆ. ಸಣ್ಣ ಸಣ್ಣ ಗೊಂಚಲು ಹಿಡಿದು, ಸುರುಳಿ ಮುಗಿಯುವಲ್ಲಿ, ಎಳೆಯದೆ ಕತ್ತರಿಸಬೇಕು. ಎಲ್ಲವನ್ನೂ ಒಂದೇ ಗೆರೆಗೆ ತರುವ ಹಟ ಬೇಡ. ನೆತ್ತಿ, ಹಿಂಗತ್ತು, ಕಿವಿಯ ಪಕ್ಕ ಒಂದೊಂದು ಕಡೆ ಗುಂಗುರು ಒಂದೊಂದು ಥರ ಇರುತ್ತದೆ. ಆಕಾರ ಕೊಡುವ ಕಟಿಂಗ್ ಅನ್ನು ಒಂದು ತಿಂಗಳು ಬಿಟ್ಟು, ಒಣ ಕೂದಲಿನ ಮೇಲೆ ಮಾಡಿಸಿ.

ಮರುದಿನದ ತಲೆಸ್ನಾನಕ್ಕೆ ಕಂಡೀಶನರ್ ಹಳೇ ಅಳತೆಯಲ್ಲಿ ಸುರಿದುಕೊಳ್ಳಬೇಡಿ, ಅರ್ಧ ಸಾಕಾಗುತ್ತದೆ. ಎಡಗೈ ಅಭ್ಯಾಸದಂತೆ ಕೂಡುಗೆರೆ ಹಿಡಿಯಲು ಹೋಗುತ್ತದೆ, ಅಲ್ಲಿ ಏನೂ ಇರುವುದಿಲ್ಲ. ನನ್ನ ಕೈ ಇನ್ನೂ ಮೂರು ವಾರ ಅದನ್ನು ಹುಡುಕುತ್ತಿತ್ತು.